ಎಫ್ ಸಾಲಿನ ಹನ್ನೊಂದು

ಟಾರ್ಚಿನ ಮೂತಿಗೆ ಕೆಂಪು ಕಾಗದ ಕಟ್ಟಿಕೊಂಡು
ಕತ್ತಲಲ್ಲಿ ನಿಲ್ಲುವುದು ನನ್ನ ಕೆಲಸ.
ಗ್ರಿಮ್ಸ್‌ಬಿಯ ಈ ಥಿಯೇಟರಿನಲ್ಲಿ ಹತ್ತೊಂಬತ್ತು ವರ್ಷ
ಜನ ನಾಟಕ ನೋಡಿದ್ದಾರೆ,
ನಾನು ಜನರನ್ನು.

ಈ ಸಲ ನಮ್ಮೂರಿನದೇ ಹಳೆಯ ಸಂಗೀತ ನಾಟಕ:
ಮಾರ್ಗರಿ ಡನ್ ಎಂಬ ಮೀನಿನ ಹಡಗು,
ಮರಳದ ಹದಿನಾಲ್ಕು ಗಂಡಸರು,
ದಡದಲ್ಲಿ ಹಾಡುವ ಹೆಂಡಂದಿರು.
ಮೊದಲು ಆಡಿದಾಗ ನಿಜವಾದ ಹಗ್ಗ, ನಿಜವಾದ ಬಲೆ,
ನಲವತ್ತು ಗಜ ನೀಲಿ ರೇಷ್ಮೆಯ ಸಮುದ್ರ,
ಊರಿಗೆ ಊರೇ ಬಾಯಿಪಾಠ.

ಈಗಿನ ನಿರ್ದೇಶಕಿ ಇಫಿಯೋಮಾ ಲಾಂಗ್‌ಸ್ಟಾಫ್
ಸಮುದ್ರವನ್ನೇ ತೆಗೆದುಹಾಕಿದಳು.
ಖಾಲಿ ರಂಗ. ಒಂದು ತಗಡಿನ ಬಕೆಟ್ಟು, ಅದರಲ್ಲಿ ನೀರು.
ಏಳು ಜನ ಹೆಂಗಸರು;
ಗಂಡಸರನ್ನೂ ಅವರೇ ತೊಟ್ಟು ಕಳಚುತ್ತಾರೆ
ಮೀನು ಕೊಯ್ಯುವ ರಬ್ಬರ್ ಏಪ್ರನ್ನಿನ ಹಾಗೆ.

ಮೊದಲ ಪ್ರಿವ್ಯೂ, ಮಂಗಳವಾರ.
ಎಂಟನೇ ನಿಮಿಷಕ್ಕೆ ಬಾಲ್ಕನಿಯಿಂದ ಒಬ್ಬ ಕೂಗಿದ:
"ಹಡಗೆಲ್ರಮ್ಮಾ?"
ಎದ್ದ ನಗು ಮಧ್ಯಂತರದವರೆಗೂ ಆರಲಿಲ್ಲ.
ಇಪ್ಪತ್ತಾರು ಮಂದಿ ಆಗಲೇ ಕೋಟು ಕೇಳಿದರು.
ಮುದುಕ ಸ್ಟಾಥರ್ಸ್, ಹಿಮಕ್ಕೆ ಎರಡು ಬೆರಳು ಕೊಟ್ಟವನು,
ಉಳಿದ ಮೂರರಲ್ಲಿ ಟಿಕೆಟ್ಟು ಹಿಡಿದು ನನ್ನನ್ನೇ ಕೇಳಿದ:
"ಒಂದು ಬಕೆಟ್ಟಿಗೆ ಮೂವತ್ತೆರಡು ಪೌಂಡೇ, ಪ್ರೂ?"
ಉತ್ತರವಿರಲಿಲ್ಲ. ಐಸ್‌ಕ್ರೀಮ್ ಇತ್ತು. ಕೊಟ್ಟೆ.
ಕಾಲೇಜಿನ ಹುಡುಗಿಯರು ನಾಲ್ವರು ಮಾತ್ರ
ಎದ್ದು ನಿಂತು ಚಪ್ಪಾಳೆ ತಟ್ಟಿದರು,
ಏನೂ ಕಾಣುತ್ತಿಲ್ಲವೆಂದು ಹಿಂದಿನವರಿಂದ ಬೈಸಿಕೊಂಡರು.

ಬುಧವಾರ ನಾಟಕ ಹನ್ನೊಂದು ನಿಮಿಷ ಕಿರಿದಾಯಿತು.
ನಿರ್ದೇಶಕಿ ಕಡೆಯ ಸಾಲಿನಲ್ಲಿ ಕೂತು ಬರೆದುಕೊಂಡಳು;
ಎಲ್ಲಿ ಕೆಮ್ಮೋ ಅಲ್ಲಿ ಕತ್ತರಿ.
ಸೀಟಿನ ಕಿರುಗುಟ್ಟುವಿಕೆಗೂ ಅರ್ಥವಿದೆಯೆಂದು
ನನಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ.

ಗುರುವಾರ. ಕೊನೆಗೆ ಹೆಸರು ಓದುವ ಜಾಗ.
ಹಿಂದೆ ಅಲ್ಲೊಂದು ಹಾಡಿತ್ತು,
ಮದುವೆಯಲ್ಲಿ ಕುಡಿದು ಹಾಡುವ,
ಹೆಣದ ಮುಂದೆ ಕುಡಿಯದೆ ಹಾಡುವ ಹಾಡು.
ಅದೂ ಹೋಗಿದೆ.
ಈಗ ಒಬ್ಬಳು ಬಕೆಟ್ಟಿನಲ್ಲಿ ಕೈ ಅದ್ದಿ
ಹೆಸರಿಗೊಂದು ಹನಿ ನೆಲಕ್ಕೆ ಬಿಡುತ್ತಾಳೆ.
ಒಂಬತ್ತನೇ ಹನಿ ಬಿದ್ದಾಗ
ಎಫ್ ಸಾಲಿನ ಹನ್ನೊಂದನೇ ಸೀಟಿನಿಂದ
ತೆಳ್ಳಗೆ, ಶ್ರುತಿ ತಪ್ಪಿ, ಯಾರಿಗೂ ಅಲ್ಲವೆಂಬಂತೆ
ಅದೇ ಹಾಡು.

ಹಾಡುವವರನ್ನು ಸುಮ್ಮನಾಗಿಸುವುದೂ ನನ್ನ ಕೆಲಸ.
ಬೆಳಕು ಬಿಟ್ಟೆ. ಡಿಲಿಸ್ ಬ್ಲೆಂಕಿನ್.
ಮಡಿಲಲ್ಲಿ ಕೈಚೀಲ, ಕಣ್ಣು ಮುಚ್ಚಿತ್ತು.
ಟಾರ್ಚು ಆರಿಸಿದೆ.
ರಂಗದ ಮೇಲೆ ಒದ್ದೆ ಕೈ ಎತ್ತಿದಲ್ಲೇ ನಿಂತು
ಮೊಣಕೈಯಿಂದ ನೀರು ತನ್ನಷ್ಟಕ್ಕೆ ತೊಟ್ಟಿಕ್ಕಿತು,
ಹೆಸರಿನ ಲೆಕ್ಕ ತಪ್ಪಿಸಿ.
ಎರಡು ಸಾಲು ಹಾಡಿದಳು ಡಿಲಿಸ್. ಮೂರನೆಯದು ಮರೆತಿತ್ತು.
ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಕೆಮ್ಮಲಿಲ್ಲ.
ಹತ್ತನೇ ಹೆಸರು ಬಂತು.

ಶುಕ್ರವಾರ ನಿರ್ದೇಶಕಿ ಅಲ್ಲೊಂದು ತೆರಪು ಬಿಟ್ಟಿದ್ದಳು,
ಎರಡು ಸಾಲು ಹಾಡಿನಷ್ಟು ಮೌನ.
ಹನ್ನೊಂದರಲ್ಲಿ ಲಿಂಕನ್ನಿನಿಂದ ಬಂದ ದಂತವೈದ್ಯ.
ಅವನಿಗೇನು ಗೊತ್ತು, ಪಾಪ; ಗಡಿಯಾರ ನೋಡಿಕೊಂಡ.
ಯಾರೋ ಪೆಪ್ಪರಮಿಂಟಿನ ಕಾಗದ ಬಿಚ್ಚಿದರು,
ನಿಧಾನವಾಗಿ ಬಿಚ್ಚಿದರೆ ಸದ್ದಾಗದೆಂದು ನಂಬಿ
ಬಹಳ ಹೊತ್ತು.

ಶನಿವಾರ ಸ್ಟಾಥರ್ಸ್ ಮತ್ತೆ ಬಂದ.
"ಬಕೆಟ್ಟು ನೋಡಲಿಕ್ಕೆ" ಅಂದ.
ಒಂಬತ್ತನೇ ಹನಿ. ತೆರಪು.
ಬಾಗಿಲ ಬಳಿ ನಾನು,
ಮೂರನೇ ಸಾಲು ನನ್ನ ಹಲ್ಲಿನ ಹಿಂದೆ ಬಂದು ನಿಂತಿತ್ತು.
ಕೆಲಸದವರು ಹಾಡುವಂತಿಲ್ಲ.
ಉರಿಯುವ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದೆ;
ಬೆರಳ ಸಂದಿಯಲ್ಲಿ ಕೆಂಪು.

ಆಟ ಮುಗಿದ ಮೇಲೆ ಕೋಟಿಗೆ ಕೈ ಚಾಚಿ
ಸ್ಟಾಥರ್ಸ್ ಕೇಳಿದ, ಗುರುವಾರದ ಸುದ್ದಿ ಅವನಿಗೂ ತಲುಪಿತ್ತು:
"ಮೂರನೇ ಸಾಲು ಯಾವುದು, ಪ್ರೂ?"
ತೋಳು ತೂರಿಸಲು ಕೋಟು ಹಿಡಿದುಕೊಂಡೇ
ರಾಗವಿಲ್ಲದೆ,
ಕೊನೆಯ ಬಸ್ಸಿನ ಹೊತ್ತು ಹೇಳುವ ಹಾಗೆ
ಹೇಳಿದೆ.